ಬೇಗ ಮಲಗಲಿ, ಅಮ್ಮನ ಹತ್ತಿರವೇ ಮಲಗಲಿ

ಜರ್ಮನಿಯ ಮಕ್ಕಳ ವಾಹಿನಿ ಕಿಕಾದಲ್ಲಿ ಪ್ರತಿ ಸಂಜೆ 6:50ಕ್ಕೆ ಗಡ್ಡದ ಪುಟ್ಟ ಗೊಂಬೆಯೊಂದು ಬಂದು, ಚಿಕ್ಕ ಕಥೆ ತೋರಿಸಿ, ನಿದ್ದೆಯ ಮರಳು ಎರಚಿ ಹೋಗುತ್ತದೆ. 1959ರಲ್ಲಿ ಪೂರ್ವ ಜರ್ಮನಿಯಲ್ಲಿ ಶುರುವಾದ ಈ ಕಾರ್ಯಕ್ರಮ ದೇಶ ಒಂದಾದ ಮೇಲೂ ಉಳಿದುಕೊಂಡಿದೆ. ಅದು ಮುಗಿಯಿತೆಂದರೆ ಹಲ್ಲುಜ್ಜಿ ಹಾಸಿಗೆಗೆ ಹೋಗುವ ಹೊತ್ತು. ನಾನಿರುವ ಬರ್ಲಿನ್‌ನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಆದರೂ ಕಿಟಕಿಗೆ ದಪ್ಪ ಪರದೆ ಎಳೆದು ಮಕ್ಕಳನ್ನು ಮಲಗಿಸುತ್ತಾರೆ. ನಮ್ಮ ಮೈಸೂರಿನಲ್ಲಿ ವರ್ಷವಿಡೀ ಸೂರ್ಯ ಏಳರೊಳಗೇ ಮುಳುಗುತ್ತಾನೆ. ಆದರೂ ಎಷ್ಟೋ ಮನೆಗಳಲ್ಲಿ ಎರಡು ವರ್ಷದ ಕೂಸುಗಳು ಹತ್ತೂವರೆಗೂ ಟಿವಿ ಬೆಳಕಿನಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಓಡಾಡುತ್ತಿರುತ್ತವೆ. ಊರಿಗೆ ಬಂದಾಗಲೆಲ್ಲ ಇದನ್ನು ನೋಡಿ ಸಂಕಟವಾಗುತ್ತದೆ.

ಈ ಮಾತೆತ್ತಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಮಗುವನ್ನು ಬೇರೆ ಕೋಣೆಯಲ್ಲಿ ಅಳಲು ಬಿಟ್ಟು ಬರುವುದು ನಮ್ಮ ಕೈಲಾಗದಪ್ಪ.’ ನನ್ನ ಕೈಲೂ ಆಗದು. ಆದರೆ ಬೇಗ ಮಲಗಿಸುವುದೇ ಬೇರೆ, ಒಂಟಿಯಾಗಿ ಮಲಗಿಸುವುದೇ ಬೇರೆ. ಮೊದಲ ವರ್ಷ ಮಗು ಹೆತ್ತವರ ಕೋಣೆಯಲ್ಲೇ, ತನ್ನದೇ ಪುಟ್ಟ ಮಂಚದಲ್ಲಿ, ಅಂಗಾತ ಮಲಗಲಿ ಎಂದೇ ಜರ್ಮನಿಯ ವೈದ್ಯರೂ ಹೇಳುತ್ತಾರೆ. ಹೊದಿಕೆ ಮುಖದ ಮೇಲೆ ಬೀಳದಂತೆ, ಹೊದಿಕೆಯ ಬದಲು ಚೀಲದಂಥ ತೋಳಿಲ್ಲದ ಉಡುಪು ತೊಡಿಸುತ್ತಾರೆ. ಅಮ್ಮನ ಉಸಿರು ಕೇಳಿಸುವಷ್ಟು ಹತ್ತಿರ ಮಲಗುವ ನಮ್ಮ ರೂಢಿಯನ್ನು ಬಿಡಬೇಕಾಗಿಯೇ ಇಲ್ಲ. ಬದಲಾಗಬೇಕಾದದ್ದು ಗಡಿಯಾರ.

‘ತಡವಾಗಿ ಮಲಗಿದರೆ ತಡವಾಗಿ ಏಳುತ್ತದೆ ಬಿಡಿ’ ಎನ್ನುವವರಿದ್ದಾರೆ. ಎಲ್‌ಕೆಜಿಯ ವ್ಯಾನ್ ಎಂಟಕ್ಕೆ ಗೇಟಿನ ಮುಂದೆ ನಿಂತಾಗ ತಡವಾಗಿ ಏಳಲು ಬಿಡುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ 1–2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3–4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಭಾರತವೂ ಇದ್ದ 17 ದೇಶಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ನ್ಯೂಜಿಲೆಂಡಿನ ಪುಟಾಣಿಗಳು ಸರಾಸರಿ ಸಂಜೆ 7:27ಕ್ಕೆ, ಹಾಂಗ್‌ಕಾಂಗ್‌ನವರು ರಾತ್ರಿ 10:17ಕ್ಕೆ ಮಲಗುತ್ತಿದ್ದರು. ಒಟ್ಟು ನಿದ್ದೆಯಲ್ಲೂ ನ್ಯೂಜಿಲೆಂಡಿನವರದೇ ಮೇಲುಗೈ, 13.3 ಗಂಟೆ.

ಜರ್ಮನ್ನರಿಗೆ ಇದು ಸುಲಭವಾಗುವುದಕ್ಕೆ ದೊಡ್ಡ ಕಾರಣ ಅವರ ಅಡುಗೆಮನೆ. ಸಂಜೆ ಆರಕ್ಕೆ ಬ್ರೆಡ್, ಚೀಸ್, ಹೆಚ್ಚಿದ ಸೌತೆಕಾಯಿ, ಒಲೆಯನ್ನೇ ಹಚ್ಚುವುದಿಲ್ಲ. ನಮ್ಮಲ್ಲಿ ಎಂಟಕ್ಕೆ ಕುಕ್ಕರ್ ಕೂಗಿ, ಒಂಬತ್ತಕ್ಕೆ ಊಟ. ನಮ್ಮ ಬಿಸಿಬಿಸಿ ಸಾರು ಬಿಡಿ ಎಂದು ನಾನೇನೂ ಹೇಳುತ್ತಿಲ್ಲ. ಮಗುವಿನ ಪಾಲಿನ ಅನ್ನ, ಬೇಳೆಕಟ್ಟು ಮಾತ್ರ ಆರೂವರೆಗೆ ಸಿದ್ಧವಾದರೆ ಸಾಕು. ದೀಪ ಹಚ್ಚುವ ಹೊತ್ತಿನಲ್ಲಿ ಮಲಗಬಾರದು ಎಂಬ ಹಿರಿಯರ ಮಾತಿಗೂ ಇದರಿಂದ ಅಡ್ಡಿಯಿಲ್ಲ. ನಿಜಕ್ಕೂ ಅದು ಒಳ್ಳೆಯ ಮಾತು: ಮುಸ್ಸಂಜೆಯಲ್ಲಿ ಕಣ್ಣು ಮುಚ್ಚಿದ ಮಗು ರಾತ್ರಿ ಹನ್ನೊಂದಾದರೂ ಮಲಗದು. ದೀಪ ಹಚ್ಚಿ, ಊಟ ಮಾಡಿಸಿ, ಟಿವಿ ಆರಿಸಿ, ಏಳೂವರೆಗೆ ಅಜ್ಜಿ ಜೋಗುಳ ಹಾಡಲಿ.

ಇನ್ನು ಉಳಿದದ್ದು ಅಪ್ಪ. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ಸಿಕ್ಕಿ ಒಂಬತ್ತಕ್ಕೆ ಮನೆ ಸೇರುವವನಿಗಾಗಿ ಮಗುವನ್ನು ಎಚ್ಚರವಿಡುತ್ತಾರೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಿದ್ದೆಗೆಟ್ಟು ರಚ್ಚೆ ಹಿಡಿದ ಮಗುವಿನೊಂದಿಗೆ ದಣಿದ ಅಪ್ಪ ಕಳೆಯುವ ಆ ಅರ್ಧ ಗಂಟೆಯಲ್ಲಿ ಇಬ್ಬರಿಗೂ ಸುಖವಿಲ್ಲ. ಬೇಗ ಮಲಗಿದ ಮಗು ಬೆಳಿಗ್ಗೆ ಆರಕ್ಕೆಲ್ಲ ನಗುತ್ತಾ ಏಳುತ್ತದೆ. ಅದಕ್ಕೆ ಹಾಲು ಕುಡಿಸುವ, ಸ್ನಾನ ಮಾಡಿಸುವ ಕೆಲಸವನ್ನು ಅಪ್ಪನೇ ವಹಿಸಿಕೊಳ್ಳಲಿ.