ಬಸವನ ಹೂಂ, ಎಂಪಿಯ ಹೌದು

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಮ್ಮ ಬೀದಿಗೆ ಕೋಲೆ ಬಸವ ಬಂದ. ಕೊರಳಲ್ಲಿ ಗಂಟೆ, ಬೆನ್ನ ಮೇಲೆ ಯಾರದೋ ಮದುವೆಯ ಹಳೇ ಸೀರೆ, ಹಿಂದೆ ಓಲಗ. "ಅಮ್ಮಾವ್ರ ಮಗನಿಗೆ ಒಳ್ಳೇದಾಗ್ತದಾ ಬಸವ?" ಬಸವ ಹೂಂ ಅಂತ ತಲೆ ಆಡಿಸಿದ. "ಮಳೆ ಬೆಳೆ ಚೆನ್ನಾಗಿ ಆಗ್ತದಾ?" ಅದಕ್ಕೂ ಹೂಂ. ಗೇಟಿಗೆ ಒರಗಿ ನೋಡುತ್ತಿದ್ದ ಅಮ್ಮ, "ಥೇಟ್ ಎಂಪಿ ಕಣೋ" ಅಂದರು.

ನನಗೆ ಬಸವನ ಪರವಾಗಿ ಬೇಜಾರಾಯಿತು.

ಬಸವ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ತಲೆ ಆಡಿಸುತ್ತಾನೆ. ಸಂಸತ್ತಿಗೆ ಅಷ್ಟೆಲ್ಲ ಪುರಸೊತ್ತು ಇರುವುದಿಲ್ಲ. 2020ರಲ್ಲಿ ಕೃಷಿ ಕಾಯ್ದೆಗಳು ಬಂದವಲ್ಲ, ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ಎಣಿಸಿ ಎಂದು ಕೂಗಿದರು. ಗದ್ದಲದ ನಡುವೆ ಧ್ವನಿಮತದಲ್ಲೇ ಪಾಸಾಯಿತು. ರೈತರು ಒಂದು ವರ್ಷ ದೆಹಲಿ ಗಡಿಯಲ್ಲಿ ಕೂತರು. 2021ರ ನವೆಂಬರ್ 29ರಂದು ಅದೇ ಕಾಯ್ದೆಗಳನ್ನು ವಾಪಸ್ ತೆಗೆದುಕೊಳ್ಳುವ ಮಸೂದೆ ಬಂತು. ಚರ್ಚೆ ಇಲ್ಲದೆ, ಒಂದೇ ದಿನದಲ್ಲಿ, ಎರಡೂ ಸದನದಲ್ಲಿ ಪಾಸ್. ತರುವಾಗಲೂ ಹೌದು, ತೆಗೆಯುವಾಗಲೂ ಹೌದು.

ಈ ಧ್ವನಿಮತದ ಸೊಗಸೇ ಬೇರೆ. "ಹೌದು ಎನ್ನುವವರು ಹೌದು ಎನ್ನಿ, ಇಲ್ಲ ಎನ್ನುವವರು ಇಲ್ಲ ಎನ್ನಿ." ಯಾವ ಕಡೆ ಸದ್ದು ಜಾಸ್ತಿಯೋ ಆ ಕಡೆ ಕಾನೂನು. ಕಿವಿಯೇ ತಕ್ಕಡಿ. ನಿಮ್ಮ ಎಂಪಿ ಹೌದು ಅಂದರೋ, ಇಲ್ಲ ಅಂದರೋ, ಆಕಳಿಸಿದರೋ, ದಾಖಲೆಯಲ್ಲಿ ಸಿಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಇದು ಇನ್ನೂ ಸಲೀಸಾಯಿತು. ಎರಡೂ ಸದನ ಸೇರಿ 146 ವಿರೋಧ ಪಕ್ಷದ ಸದಸ್ಯರು ಅಮಾನತಾಗಿದ್ದ ಅಧಿವೇಶನ ಅದು. ದೇಶದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಆಗಲೇ ಪಾಸಾದವು. ಇಲ್ಲ ಎನ್ನುವವರು ಹೆಚ್ಚಿನವರು ಇರಲೇ ಇಲ್ಲ.

ಹಾಗಂತ ಅವರಿದ್ದರೆ ಸ್ವಂತ ಬುದ್ಧಿಯಿಂದ ಇಲ್ಲ ಅನ್ನುತ್ತಿದ್ದರು ಅಂದುಕೊಳ್ಳಬೇಡಿ. ಅವರಿಗೂ ಮೂಗುದಾರ ಇದೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಆದೇಶ, ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೆ ಸೀಟು ಹೋಗಬಹುದು. ಸುಮ್ನೆ ಮನೆಯಲ್ಲಿ ಕೂತರೂ ಹೋಗಬಹುದು. 15 ದಿನದೊಳಗೆ ಪಕ್ಷ ಕ್ಷಮಿಸಿದರೆ ಬಚಾವ್. ಕ್ಷೇತ್ರದ ಜನ ಕ್ಷಮಿಸಿದರೆ? ಅವರನ್ನು ಯಾರೂ ಕೇಳಿಲ್ಲ. ವಿಪ್ ಕೊಡುವವರಿಗೆ ಕನ್ನಡದಲ್ಲಿ ಸಚೇತಕ ಅನ್ನುತ್ತೇವೆ, ಎಚ್ಚರ ಇಡುವವನು ಅಂತ. ಕೈಯಲ್ಲಿರುವುದು ಮಾತ್ರ ಚಾಟಿ. ಆಡಳಿತದವರದ್ದು ಮೇಲೆ ಕೆಳಗೆ ತಲೆ ಆಡಿಸುವ ಬಸವ, ವಿರೋಧದವರದ್ದು ಅಡ್ಡಡ್ಡ ಆಡಿಸುವ ಬಸವ. ಚುನಾವಣೆ ಆಗಿ ಜಾಗ ಅದಲುಬದಲಾದರೆ ತಲೆಯ ದಿಕ್ಕೂ ಬದಲು, ಅಷ್ಟೇ.

ನಮ್ಮ ಬೀದಿ ಬಸವ ಒಮ್ಮೊಮ್ಮೆ ಹಟ ಹಿಡಿದು ಇಲ್ಲ ಅನ್ನುವುದುಂಟು. ಯಜಮಾನ ನಕ್ಕು ಮತ್ತೆ ಕೇಳುತ್ತಾನೆ. ಬಸವನ ಕೆಲಸ ಹೋಗುವುದಿಲ್ಲ.

ಪ್ರಾತಿನಿಧ್ಯದ ಲೆಕ್ಕವಂತೂ ಕೇಳಲೇಬೇಡಿ. ಬೆಂಗಳೂರು ಉತ್ತರದ 30 ಲಕ್ಷಕ್ಕೂ ಜಾಸ್ತಿ ಮತದಾರರಿಗೆ ಒಬ್ಬ ಎಂಪಿ. ಲಕ್ಷದ್ವೀಪದ 60 ಸಾವಿರಕ್ಕೂ ಕಡಿಮೆ ಮತದಾರರಿಗೂ ಒಬ್ಬ. ಇಬ್ಬರೂ ಕೊನೆಗೆ ಅನ್ನುವುದು ಎರಡಕ್ಷರ.

ಇನ್ನು ದುಡ್ಡಿನ ವಿಷಯ. ಇಲಾಖೆಗಳ ಖರ್ಚಿನ ಬೇಡಿಕೆಗಳನ್ನು ಚರ್ಚೆ ಕತ್ತರಿಸಿ ಒಟ್ಟಿಗೆ ಪಾಸು ಮಾಡುವ ವಿಧಾನಕ್ಕೆ ಗಿಲೋಟಿನ್ ಅನ್ನುತ್ತಾರೆ. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ಟಿಗೆ ಲೋಕಸಭೆ ಹೀಗೇ ಒಪ್ಪಿಗೆ ಕೊಟ್ಟಿತು. ನಮ್ಮಮ್ಮ ಅರ್ಧ ಕೆಜಿ ಹುರುಳಿಕಾಯಿಗೆ ತಳ್ಳುಗಾಡಿಯವನ ಜೊತೆ ಅದಕ್ಕಿಂತ ಜಾಸ್ತಿ ಚರ್ಚೆ ಮಾಡುತ್ತಾರೆ.

ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಯಜಮಾನ ಹಗ್ಗ ಜಗ್ಗಿ ಕೊನೇ ಪ್ರಶ್ನೆ ಹಾಕಿದ. "ಅಮ್ಮಾವ್ರು ಬೀರುವಿಂದ ಒಂದು ಸೀರೆ ತಂದು ಕೊಡ್ತಾರಾ ಬಸವ?"

ಬಸವ ಜೋರಾಗಿ ತಲೆ ಆಡಿಸಿದ. ಓಲಗ ಊದಿತು.

"ಸೀರೆ ನಂದು. ಹೂಂ ಅನ್ನೋಕೆ ಇವನ್ಯಾರು?" ಎಂದು ಗೊಣಗುತ್ತಲೇ ಅಮ್ಮ ಒಳಗೆ ಹೋದರು. ಬಸವ ಆಗಲೇ ಎದುರು ಮನೆ ಕಡೆ ತಿರುಗಿದ್ದ.