ಹವಾಮಾನ ಬದಲಾವಣೆ ಚರ್ಚಿನ ಕೆಲಸವೇ?

ಪರ: ತೋಟ ಕಾಯುವ ಕೆಲಸ ನಮ್ಮದೇ

ಮಾರ್ಚ್ ತಿಂಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಚರ್ಚಿಗೆ ಬನ್ನಿ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಂದೇ ಮಾತು: ನಿಮ್ಮಲ್ಲಿ ಎಷ್ಟು ಮಳೆ ಆಯ್ತು? ರೋಬಸ್ಟಾ ಕಾಫಿ ಚೆನ್ನಾಗಿ ಹೂ ಬಿಡಬೇಕಾದರೆ ಆ ಹೊತ್ತಿಗೆ ಒಂದು ಇಂಚು ಮಳೆ ಬೇಕು. ಕೆಲವು ವಾರ ಬಿಟ್ಟು, ಬಿಟ್ಟ ಹೂ ಕಾಯಿ ಕಟ್ಟಲು, ಬ್ಯಾಕಿಂಗ್ ಮಳೆಯೂ ಬೇಕು. ಕೆರೆ, ಪಂಪು, ಸ್ಪ್ರಿಂಕ್ಲರ್ ಇದ್ದವರು ಹೇಗೋ ನೀರು ಕೊಡುತ್ತಾರೆ. ಎರಡೆಕರೆಯವರು ಆಕಾಶ ನೋಡುತ್ತಾರೆ. ಬೇಕಾದಾಗ ಬಾರದ ಮಳೆ ಕೊಯ್ಲಿನಲ್ಲಿ ಬಂದು ಕಣದಲ್ಲಿ ಹರಡಿದ ಕಾಫಿ ಕೆಡಿಸುತ್ತದೆ. ಆಗಸ್ಟಿನಲ್ಲಿ ಒಂದೇ ಸಮ ಹೊಡೆದರೆ ಕಾಯಿ ಉದುರುತ್ತದೆ, ಮೆಣಸಿನ ಬಳ್ಳಿ ಸೊರಗುತ್ತದೆ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದವು. ಎಲ್ಲ ಕುಸಿತಕ್ಕೂ ಹವಾಮಾನವೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ರಸ್ತೆಗೆ ಗುಡ್ಡ ಕಡಿದದ್ದೂ ಇದೆ, ಇಳಿಜಾರಿನ ಮರ ತೆಗೆದದ್ದೂ ಇದೆ. ಆದರೆ ಗಾಳಿ ಬಿಸಿಯಾದಷ್ಟೂ ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಇಷ್ಟೆಲ್ಲ ಅಂಗಳದಲ್ಲಿ ಮಾತಾಡಿ, ಒಳಗಿನ ಪ್ರವಚನದಲ್ಲಿ ಸುಮ್ಮನಿರುವುದು ಹೇಗೆ?

ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಸಾಗು ಮಾಡಿ ಕಾಯುವುದಕ್ಕೆ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿ ಅಂದರು. ಚರ್ಚ್ ಆಫ್ ಸೌತ್ ಇಂಡಿಯಾ ಪರಿಸರಕ್ಕೆಂದೇ ಒಂದು ವಿಭಾಗ ಇಟ್ಟುಕೊಂಡಿದೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಹಲವು ಪಂಗಡಗಳ ಚರ್ಚುಗಳು ಸೃಷ್ಟಿಗಾಗಿ ಪ್ರಾರ್ಥಿಸುತ್ತವೆ. ಅದರ ನಡುವೆಯೇ, ಸೆಪ್ಟೆಂಬರ್ 8ಕ್ಕೆ, ನಮ್ಮ ಕೊಂಕಣಿ ಮನೆಗಳ ಮೊಂತಿ ಹಬ್ಬ. ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಹಾಕುತ್ತಾರೆ, ಹೊಸ ತೆನೆಗೆ ಆಶೀರ್ವಾದ ಆಗುತ್ತದೆ. ತೆನೆ ಹಿಡಿದು ನಿಂತ ಆ ದಿನ ಮಳೆ, ಮಣ್ಣಿನ ಮಾತು ಎತ್ತಿದರೆ ಯಾರಿಗೂ ಹೊರಗಿನದು ಅನ್ನಿಸುವುದಿಲ್ಲ.

ಮಾಡಲು ಕೆಲಸ ಬೇಕಾದಷ್ಟಿದೆ. ಕಡೂರು, ಅರಸೀಕೆರೆಯಂಥ ಒಣ ಸೀಮೆಯಲ್ಲಿ 300 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 1.8 ಲಕ್ಷ ಲೀಟರ್ ನೀರು. ಅರ್ಧ ಹಿಡಿದರೂ ಶಾಲೆಗೆ ಎಷ್ಟು ಅನುಕೂಲ! ಮಲೆನಾಡಿನಲ್ಲಿ ಚರ್ಚು, ಕಾನ್ವೆಂಟಿನ ಜಾಗದಲ್ಲಿ ಬರೀ ಸಿಲ್ವರ್ ಓಕ್ ನೆಡುವುದು ಬಿಟ್ಟು ಹಲಸು, ಅತ್ತಿ, ನಂದಿ ಬೆಳೆಸಬಹುದು. ಇನ್ನೊಂದು ಆಸೆ ನನ್ನದು. ಜ್ಞಾನಸ್ನಾನಕ್ಕೆ, ಮದುವೆಗೆ, ಸಾವಿಗೆ ರಿಜಿಸ್ಟರ್ ಇಡುವ ಚರ್ಚು ಮಳೆಗೂ ಒಂದು ಇಡಲಿ. ಮಳೆಮಾಪಕಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಇಪ್ಪತ್ತು ವರ್ಷದ ಲೆಕ್ಕ ಕೈಯಲ್ಲಿದ್ದರೆ ಊರಿನವರೆಲ್ಲರಿಗೂ ಬೇಕಾಗುತ್ತದೆ.

ವಿರೋಧ: ಮೊದಲು ಲೈನ್ ಮನೆಯ ಮಾತಾಡಿ

ಹವಾಮಾನ ಬದಲಾಗುತ್ತಿರುವುದು ಸುಳ್ಳಲ್ಲ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನನ್ನ ತಕರಾರು ಬೇರೆ.

ನಮ್ಮ ಚರ್ಚಿನಲ್ಲಿ ತೋಟದ ಸಾಹುಕಾರರೂ, ಅವರು ತೋಟದಲ್ಲಿ ಸಾಲಾಗಿ ಕಟ್ಟಿಕೊಟ್ಟ ಲೈನ್ ಮನೆಯ ಕೂಲಿಯವರೂ ಒಂದೇ ಪ್ರಾರ್ಥನೆಗೆ ಕೂರುತ್ತಾರೆ. ಅಲ್ಲಿ ನಿಂತು 'ನಾವೆಲ್ಲರೂ ಭೂಮಿಗೆ ಪಾಪ ಮಾಡಿದ್ದೇವೆ' ಅಂದರೆ ಆ 'ಎಲ್ಲರೂ' ಯಾರು? ವರ್ಷಕ್ಕೆ ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್. ಅದು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಕಾಫಿ ಕುಯ್ಯುವ ಹೆಣ್ಣುಮಗಳ ಪಾಲು ಅದರಲ್ಲಿ ಎಷ್ಟಿರಬಹುದು? ಅವಳನ್ನು ಪಶ್ಚಾತ್ತಾಪಕ್ಕೆ ಕರೆಯುವುದು ಅನ್ಯಾಯ.

ಮಳೆ ಕೆಟ್ಟಾಗ ನಷ್ಟವೂ ಒಂದೇ ಥರ ಹಂಚಿಕೆಯಾಗುವುದಿಲ್ಲ. ಬೆಳೆ ಹೋದರೆ ಪರಿಹಾರ ಪಹಣಿ ಇದ್ದವರಿಗೆ. ದಿನಗೂಲಿಯವರಿಗೆ ಮಳೆಯಿಂದ ಕೆಲಸ ನಿಂತರೆ ಆ ದಿನದ ಸಂಬಳವೂ ನಿಂತಿತು. ಅದಕ್ಕೆ ಅರ್ಜಿ ಹಾಕಲು ಯಾವ ಕಚೇರಿಯೂ ಇಲ್ಲ. ಮಾಡು ಸೋರಿದರೆ ರಿಪೇರಿ ಮಾಡಿಸಿಕೊಳ್ಳುವುದೂ ಅವರ ಕೈಯಲ್ಲಿಲ್ಲ. ಈ ಮಾತನ್ನು ಸಾಹುಕಾರರ ಮುಖ ನೋಡಿ ಹೇಳಬಲ್ಲವರು ಫಾದರ್, ಪಾಸ್ಟರ್‌ಗಳು. ಅವರ ಮಾತಿಗೆ ಇನ್ನೂ ಬೆಲೆಯಿದೆ. ಅಂಥವರು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಮುಗಿಸಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಸಸಿ ನೆಡುವುದರಿಂದ ಯಾರಿಗೂ ಮುಜುಗರ ಆಗುವುದಿಲ್ಲ. ಕೂಲಿಯ ಮಾತಿನಿಂದ ಆಗುತ್ತದೆ.

ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಪಾಳುಬಿದ್ದ ರೋಜರಿ ಚರ್ಚನ್ನು ನೆನೆಸಿಕೊಳ್ಳಿ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಅಲ್ಲಿಗೂ ಬಂತು, ಜನ ಊರು ಬಿಟ್ಟರು. ಇವತ್ತು ಆ ಗೋಡೆಗಳ ಫೋಟೋ ಎಲ್ಲರ ಹತ್ತಿರ ಇದೆ. ಹೊರಟುಹೋದ ಮನೆಗಳನ್ನು ಕೇಳುವವರು ಕಡಿಮೆ. ಮುಂದೆ ಗುಡ್ಡ ಕುಸಿದು, ನೀರು ಬತ್ತಿ ಜನ ಏಳಬೇಕಾಗಿ ಬಂದಾಗಲೂ ಹೀಗೇ ಆಗಬಾರದು, ಅಲ್ವಾ?

ಮರ, ನೀರಿನ ಕೆಲಸ ಬೇಡ ಅನ್ನುತ್ತಿಲ್ಲ. ಆದರೆ ಅದು ಊರಿನ ಕೆಲಸ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇ 2ಕ್ಕಿಂತ ಕಡಿಮೆ. ಪಂಚಾಯ್ತಿ, ಬೆಳೆಗಾರರ ಸಂಘದ ಜೊತೆ ಎಲ್ಲರಂತೆ ಕೈ ಜೋಡಿಸಿದರೆ ಸಾಕು, ಅದಕ್ಕೆ ಚರ್ಚಿನ ಬೇರೆ ಬ್ಯಾನರ್ ಯಾಕೆ?

ಮುಂಗಾರಿಗೆ ಮೊದಲು ಪ್ರತಿ ಚರ್ಚ್ ಸಮಿತಿ ಒಂದು ಪಟ್ಟಿ ಮಾಡಲಿ. ನಮ್ಮದೇ ಸದಸ್ಯರ ತೋಟಗಳಲ್ಲಿ ಯಾವ ಲೈನ್ ಮನೆ ಸೋರುತ್ತದೆ, ಯಾವುದು ಕುಸಿಯುವ ಗುಡ್ಡದ ಬದಿಯ ಕೆಳಗಿದೆ, ಕೆಲಸ ನಿಂತ ದಿನ ಅಲ್ಲಿ ಎಷ್ಟು ಒಲೆ ಉರಿಯುವುದಿಲ್ಲ. ಪಟ್ಟಿಯನ್ನು ಭಾನುವಾರ ಎಲ್ಲರ ಮುಂದೆ ಓದಲಿ.