ನಾಲ್ಕು ಹಾವಿನ ಔಷಧಿ ಸರಿ, ಐದನೆಯದಕ್ಕೆ?

ಹಾವು ಕಡಿತದ ಬಗ್ಗೆ ಒಂದು ಲೇಖನ ಓದಿದೆ. ಆಂಟಿವೆನಮ್, ಅಂದರೆ ಹಾವಿನ ವಿಷ ಇಳಿಸುವ ಔಷಧಿ, ಇದ್ದರೆ ಯಾವ ಹಾವು ಕಚ್ಚಿದರೂ ಭಯವಿಲ್ಲ ಅಂತ ಅದರಲ್ಲಿದೆ. ಅಷ್ಟು ಸಲೀಸಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಈ ಔಷಧಿ ಮಾಡುತ್ತಾರೆ. ವಿಷ ಬಹುಪಾಲು ಬರುವುದು ಚೆನ್ನೈ ಹತ್ತಿರದ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಆಮೇಲೆ ಇಲಿಗಳ ಮೇಲೆ ಪರೀಕ್ಷೆ. 1 ಮಿಲಿ ಔಷಧಿ 0.6 ಮಿಲಿಗ್ರಾಂ ನಾಗರ ವಿಷವನ್ನು ತಡೆಯಬೇಕು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆ ಅಂತ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ವಿಜ್ಞಾನಿ ಕಾರ್ತಿಕ್ ಸುನಗರ್ ತಂಡ ತೋರಿಸಿದೆ. ಹಾಗಿದ್ದರೆ ಒಂದೇ ಕಡೆಯ ವಿಷ ಸಾಕಾಗಲ್ಲ, ಅಲ್ವಾ?

ಮಲೆನಾಡಿನ ಕಥೆ ಇನ್ನೂ ಬೇರೆ. ನಮ್ಮ ತೋಟದಲ್ಲಿ ಅಡಿಕೆ ಹೆಕ್ಕುವಾಗ ಕೆಲಸದವರೊಬ್ಬರ ಬೆರಳಿಗೆ ಆ ನಾಲ್ಕರಲ್ಲಿ ಸೇರದ ಹಂಪ್‌ನೋಸ್ಡ್ ಪಿಟ್ ವೈಪರ್ ಅನ್ನೋ ವಿಷದ ಹಾವು ಕಚ್ಚಿತು. ಗೇಣುದ್ದದ್ದು, ಒಣಗಿದ ಎಲೆಯದೇ ಬಣ್ಣ. ಕೈ ಮೊಣಕೈವರೆಗೂ ಬಾತಿತು. ಆಸ್ಪತ್ರೆಯಲ್ಲಿ ಕೊಳಕುಮಂಡಲ ಅಂದುಕೊಂಡು ಹತ್ತು ವಯಲ್ (ಸಣ್ಣ ಬಾಟಲಿ) ಆಂಟಿವೆನಮ್ ಏರಿಸಿದರು. ಈ ಹಾವಿಗೆ ಅದು ನಾಟುವುದೇ ಇಲ್ಲ! ಮೈತುಂಬ ದದ್ದು ಎದ್ದದ್ದಷ್ಟೇ ಬಂತು. ಪುಣ್ಯಕ್ಕೆ ಬದುಕಿದರು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆ ವರದಿಯಲ್ಲಿ ಕಚ್ಚಿದ್ದು ಯಾವ ಹಾವು ಅಂತಲೂ ಸರಿಯಾಗಿ ಬರೆಯಲಿ.